ಬೆಳಕಿನ ಸುಳಿಗೆ ಅಡ್ಡ ಬಂದ ಅರ್ಥ್ ವೈರು

ಆ ಯಂತ್ರ ನನಗೆ ಒಂದು ಗಿರಣಿಯಷ್ಟು ದುಬಾರಿ ಬಿತ್ತು. ಗಿರಣಿ ಕೊಳ್ಳುವಷ್ಟು ಎಂದಲ್ಲ. ದಾವಣಗೆರೆಯ ಒಂದು ಹತ್ತಿ ಗಿರಣಿಯಲ್ಲಿ ಯಾವ ಮೋಟರು ಸುಟ್ಟರೂ ನೆಟ್ಟಗೆ ನನ್ನ ಅಂಗಡಿಗೆ ಬರುತ್ತಿತ್ತು. ಆ ಖಾಯಂ ಕೆಲಸ ಒಂದೇ ಬೆಳಿಗ್ಗೆ ಕೈಬಿಟ್ಟು ಹೋಯಿತು, ಮತ್ತೆ ಬರಲಿಲ್ಲ. ಯಾಕೆ ಬಿಟ್ಟೆ ಎಂದು ಹೆಂಡತಿ ಕೇಳಿದಳು, ಪೇಟೆಯವರು ಕೇಳಿದರು, ಈಗ ಈ ಕಸುಬಿಗೆ ಇಳಿಯುವವರೂ ಕೇಳುತ್ತಾರೆ. ಕಾರಣ ಇಷ್ಟೇ. ಒಂದು ಕಾಲೇಜಿನ ಹಿಂದಿನ ಶೆಡ್ಡಿನಲ್ಲಿ ಇಬ್ಬರು ಒಳ್ಳೆಯ ಮನುಷ್ಯರು ಒಂದು ತಾಮ್ರದ ತಂತಿಯ ವಿಷಯಕ್ಕೆ ಪಟ್ಟು ಹಿಡಿದು ನಿಂತಿದ್ದರು. ಅವರನ್ನು ಅಲ್ಲೇ ಬಿಟ್ಟು ನಾನು ಗಿರಣಿಯ ಕಡೆ ಹೋದರೆ, ತಿರುಗಿ ಬರುವಷ್ಟರಲ್ಲಿ ಒಂದು ಜೀವ ಹೋಗಿರುತ್ತದೆ ಎಂದು ನನಗೆ ಅನಿಸಿತ್ತು.

ನಾನು ಓದಿದವನಲ್ಲ. ಗಿರಣಿಯ ಮೋಟರು ಮನೆಯಲ್ಲಿ ಬೇರಿಂಗಿಗೆ ಎಣ್ಣೆ ಬಿಡುವ ಕೆಲಸಕ್ಕೆ ಸೇರಿದವನು. ಸುಟ್ಟ ಮೋಟರು ಎಲ್ಲಿಗೆ ಹೋಗುತ್ತದೆ, ಎಷ್ಟು ಕಾಲ ಅಲ್ಲಿ ಕೂರುತ್ತದೆ, ಅದಕ್ಕಾಗಿ ಯಾರು ಯಾರಿಂದ ಬೈಸಿಕೊಳ್ಳುತ್ತಾರೆ ಎಂಬುದನ್ನೆಲ್ಲ ನೋಡಿಟ್ಟುಕೊಂಡು, ಐವತ್ತರ ದಶಕದ ಕೊನೆಯ ಹೊತ್ತಿಗೆ ಸ್ವಂತ ವೈಂಡಿಂಗ್ ಅಂಗಡಿ ಹಾಕಿದೆ. ತಂತಿ ಸುತ್ತುವ ಕೈ ಮಾತ್ರ ನನ್ನದಲ್ಲ, ದಸ್ತಗೀರ್ ಸಾಬರದು. ನನಗಿಂತ ಹಿರಿಯರು, ಮಾತು ಕಡಿಮೆ, ಆಡಿದರೆ ಚುಚ್ಚು. ಗಿರಾಕಿಯ ಜೊತೆ ಮಾತು ನನ್ನದು, ಮೋಟರಿನ ಜೊತೆ ಮಾತು ಅವರದು. ಹಾಗೆ ನಡೆದ ಪಾಲುಗಾರಿಕೆ ನಮ್ಮದು.

ಅರವತ್ತರ ದಶಕದ ನಡುವಿನಲ್ಲಿ ಒಂದು ದಿನ ಮೂರ್ತಿ ಮೇಷ್ಟ್ರು ಅಂಗಡಿಗೆ ಬಂದರು. ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತಿದ್ದವರು, ಮೈಸೂರಿನ ಕಡೆಯವರು, ಸೈಕಲ್ಲಿನ ಹಿಂದೆ ಸುರುಳಿ ಸುತ್ತಿದ ಒಂದು ನಕ್ಷೆ.

"ಕಾಯಿಲ್ ಸುತ್ತಿಕೊಡ್ತೀರಾ ಕೊಟ್ರಪ್ಪನವರೇ?"

"ಎಂಥಾ ಮೋಟರ್‍ಗೆ ಸಾರ್?"

"ಮೋಟರ್‍ಗಲ್ಲ. ಅನಿಲ ತಿರುಗಿಸೋದಕ್ಕೆ."

ದಸ್ತಗೀರ್ ಸಾಬರು ಕೆಲಸದಿಂದ ತಲೆ ಎತ್ತಲಿಲ್ಲ. "ಗಾಳಿ ತಿರುಗ್ಸಾಕ ಫ್ಯಾನು ಸಾಲ್ದೇನ್ರಿ?" ಎಂದರು.

ಮೇಷ್ಟ್ರು ನಕ್ಕು, ಬೆಂಚಿನ ಮೇಲೆ ಕೂತು, ನಮ್ಮಿಬ್ಬರಿಗೂ ಪಾಠ ಹೇಳಿದರು. ಸೂರ್ಯನ ಒಳಗೆ ಉರಿಯುವ ಬೆಂಕಿಯನ್ನು ಭೂಮಿಯ ಮೇಲೆ ಮಾಡಲು ದೊಡ್ಡ ದೇಶಗಳು ಹೊರಟಿವೆಯಂತೆ. ಅಷ್ಟು ಕಾದ ಅನಿಲವನ್ನು ಯಾವ ಪಾತ್ರೆಯೂ ತಡೆಯಲಾರದು. ಅದಕ್ಕೆ ಅಯಸ್ಕಾಂತದ ಬಲದಿಂದಲೇ ಒಂದು ಪಂಜರ ಕಟ್ಟುತ್ತಾರೆ. ಪಂಜರದ ಒಳಗೆ ಆ ಅನಿಲ ಸುಮ್ಮನೆ ಇರುವುದಿಲ್ಲ, ಸುಳಿಯ ಹಾಗೆ ತಿರುಗುತ್ತದೆ. ಆ ತಿರುಗುವಿಕೆ ಎಲ್ಲಿ ಹುಟ್ಟುತ್ತದೆ, ಒಳಗಿನಿಂದ ಹೊರಗೆ ಹೇಗೆ ದಾಟುತ್ತದೆ, ಯಾವುದು ಅದನ್ನು ತಿಂದುಹಾಕುತ್ತದೆ ಎಂಬುದನ್ನು ಸಣ್ಣ ಮಟ್ಟದಲ್ಲಿ, ತಣ್ಣಗಿರುವ ಅನಿಲದಲ್ಲಿ ನೋಡಬೇಕು ಎಂಬುದು ಅವರ ಆಸೆ.

ನನಗೆ ಗಿರಣಿಯ ಗಂಜಿ ತೊಟ್ಟಿ ನೆನಪಾಯಿತು. ಮಗ್ಗದ ಹಾಸು ನೂಲಿಗೆ ಹಾಕುವ ಗಂಜಿ ಕುದಿಯುವಾಗ ನಡುವೆ ಒಂದು ರೆಕ್ಕೆ ತಿರುಗುತ್ತಿರುತ್ತದೆ. ತೆಳ್ಳಗಿದ್ದಾಗ ತೊಟ್ಟಿಯೆಲ್ಲ ತಿರುಗುತ್ತದೆ. ಗಂಜಿ ಗಟ್ಟಿಯಾದರೆ ನಡುವೆ ಮಾತ್ರ ತಿರುಗಿ, ಅಂಚಿನದು ಗೋಡೆ ಹಿಡಿದು ಸೀದುಹೋಗುತ್ತದೆ. ಅದನ್ನು ಹೇಳಿದೆ.

"ಅದೇ ರೀ," ಎಂದು ಮೇಷ್ಟ್ರು ಎದ್ದೇ ನಿಂತರು. "ನಡುವೆ ಕೊಟ್ಟ ನೂಕನ್ನ ಒಂದು ಪದರ ಪಕ್ಕದ ಪದರಕ್ಕೆ ದಾಟಿಸ್ತಾ ಹೋಗುತ್ತೆ. ಕೊನೆಗೆ ಗೋಡೆ ನುಂಗುತ್ತೆ. ನನಗೆ ಬೇಕಾಗಿರೋದು ಅದರ ಲೆಕ್ಕ."

ಕಾಲೇಜಿನ ಫ್ಯಾನು, ಪಂಪು, ಮೋಟರುಗಳ ದುರಸ್ತಿಯೂ ನಮಗೇ ಬರಬೇಕು ಎಂದು ಕೇಳಿ, ಅದಕ್ಕೆ ಅವರು ಪ್ರಿನ್ಸಿಪಾಲರಿಂದ ಹೂಂ ಅನ್ನಿಸಿಕೊಂಡು ಬಂದ ಮೇಲೆಯೇ ನಾನು ಕೆಲಸ ಒಪ್ಪಿದ್ದು. ವಿಜ್ಞಾನಕ್ಕೆ ಸೇವೆ ಮಾಡಿದೆ ಎಂದು ಯಾರಾದರೂ ನನ್ನ ಬಗ್ಗೆ ಹೇಳಿದರೆ ನಂಬಬೇಡಿ.

ಮೊದಲ ಎಡವಟ್ಟು ಕಾಯಿಲಿನಲ್ಲೇ ಆಯಿತು. ಮೋಟರಿನ ವೈಂಡಿಂಗ್‍ನಲ್ಲಿ ಅಕ್ಕಪಕ್ಕದ ಸುರುಳಿಗಳನ್ನು ಒಂದಕ್ಕೊಂದು ಉಲ್ಟಾ ಜೋಡಿಸುತ್ತಾರೆ. ಒಂದು ಉತ್ತರವಾದರೆ ಪಕ್ಕದ್ದು ದಕ್ಷಿಣ. ಹಾಗೆ ಮಾಡದಿದ್ದರೆ ಮೋಟರು ತಿರುಗುವುದೇ ಇಲ್ಲ. ಮೇಷ್ಟ್ರಿಗೆ ಬೇಕಾಗಿದ್ದದ್ದು ಒಂದರ ಮೇಲೊಂದು ಕೂತ ಸುರುಳಿಗಳೆಲ್ಲ ಒಂದೇ ದಿಕ್ಕಿಗೆ ಎಳೆಯುವುದು. ಸಾಬರ ಕೈ ತನ್ನ ಅಭ್ಯಾಸದಲ್ಲೇ ಹೋಯಿತು. ಮೇಷ್ಟ್ರು ದಿಕ್ಸೂಚಿ ಹಿಡಿದು ಮೇಲಿನಿಂದ ಕೆಳಗೆ ತಂದರೆ ಮುಳ್ಳು ಪ್ರತಿ ಸುರುಳಿಗೂ ಹೊರಳಿ ಹೊರಳಿ ನಿಂತಿತು.

"ತಿರುಗೋದು ಅಂದ್ರಿ, ತಿರುಗೋ ಹಂಗೆ ಕೂಡ್ಸೀನಿ," ಎಂದರು ಸಾಬರು.

"ಸಾಬ್ರೇ, ಮುಳ್ಳು ತಿರುಗೋದಲ್ಲ, ಅನಿಲ ತಿರುಗಬೇಕು," ಎಂದರು ಮೇಷ್ಟ್ರು. ಇಬ್ಬರೂ ನಕ್ಕರು. ಬಿಚ್ಚಿ ಮತ್ತೆ ಕೂಡಿಸಿದೆವು. ವಾರ್ನಿಷ್ ಹಾಕಿದ ಮೇಲೆ ಅಷ್ಟು ದೊಡ್ಡ ಸುರುಳಿ ಒಣಗಿಸಲು ನಮ್ಮ ಒಲೆ ಸಾಲದೆ, ಗುರುತಿನವರ ಮಂಡಕ್ಕಿ ಭಟ್ಟಿಯಲ್ಲಿ ಬೆಂಕಿ ಇಳಿದ ಮೇಲೆ ಇಟ್ಟು ತಂದೆವು. ಮರುದಿನದ ಮಂಡಕ್ಕಿ ವಾರ್ನಿಷ್ ವಾಸನೆ ಹೊಡೆಯಿತೆಂದು ಭಟ್ಟಿಯವರು ಬಹಳ ಕಾಲ ನನ್ನನ್ನು ಬಿಡಲಿಲ್ಲ.

ಯಂತ್ರದ ಉಳಿದ ಭಾಗ ಹರಿಹರದಲ್ಲಿ ಹಾಲಮ್ಮನ ಲೇತ್ ಶಾಪಿನಲ್ಲಿ ಆಯಿತು. ಗಂಡ ತೀರಿಕೊಂಡ ಮೇಲೆ ಶಾಪನ್ನೂ ಪಕ್ಕದ ಸಣ್ಣ ಎರಕದ ಕುಲುಮೆಯನ್ನೂ ತಾನೇ ನಡೆಸುತ್ತಿದ್ದ ಹೆಂಗಸು. ಅವಳ ಜೊತೆ ಚೌಕಾಸಿ ಮಾಡಿ ಗೆದ್ದೆ ಎಂದು ಹೇಳುವವನನ್ನು ನಾನು ಈವರೆಗೆ ಕಂಡಿಲ್ಲ.

ಯಂತ್ರ ಹೀಗಿತ್ತು. ನೆಟ್ಟಗೆ ನಿಂತ ಅಗಲವಾದ ಗಾಜಿನ ಕೊಳವೆ, ಅದರ ಸುತ್ತ ನಮ್ಮ ಸುರುಳಿಗಳು. ಕೊಳವೆಯ ನಟ್ಟನಡುವೆ ಒಂದು ಹಿತ್ತಾಳೆ ಕಡ್ಡಿ, ಒಳಗೋಡೆಗೆ ಒಂದು ತಾಮ್ರದ ಬಳೆ. ತಳಕ್ಕೆ ಹಾಲಮ್ಮನ ಲೇತಿನಲ್ಲಿ ತೀಡಿದ ಹಿತ್ತಾಳೆ ತಟ್ಟೆ, ಅದನ್ನು ಹೊತ್ತ ಕಬ್ಬಿಣದ ಸ್ಟ್ಯಾಂಡು. ಮೇಲೆ ಇಣುಕಿ ನೋಡಲು ದಪ್ಪ ಗಾಜಿನ ಮುಚ್ಚಳ. ಪಂಪಿನಿಂದ ಒಳಗಿನ ಗಾಳಿಯನ್ನೆಲ್ಲ ಎಳೆದು ಚೂರೇಚೂರು ಉಳಿಸಿ, ಕಡ್ಡಿಗೂ ಬಳೆಗೂ ನಡುವೆ ಸಾವಿರಕ್ಕೂ ಮೀರಿದ ವೋಲ್ಟು ಕೊಟ್ಟರೆ, ಉಳಿದ ಗಾಳಿ ನೇರಳೆ ಬಣ್ಣದಲ್ಲಿ ಹೊಳೆಯುತ್ತದೆ. ಸುರುಳಿಗೆ ಕರೆಂಟು ಬಿಟ್ಟರೆ ಆ ಬೆಳಕು ತಿರುಗಬೇಕು. ತಿರುಗಿತೋ ಇಲ್ಲವೋ ನೋಡಲು ಮುಚ್ಚಳದಿಂದ ರೇಷ್ಮೆ ಎಳೆಯಲ್ಲಿ ಕಾಗೆಬಂಗಾರ ಎನ್ನುತ್ತಾರಲ್ಲ, ಆ ಅಭ್ರಕದ ಎರಡು ತೆಳು ಎಲೆ ಇಳಿಬಿಟ್ಟಿದ್ದರು: ಒಂದು ಕಡ್ಡಿಯ ಹತ್ತಿರ, ಒಂದು ಬಳೆಯ ಹತ್ತಿರ. ಒಳಗಿನ ಎಲೆ ಎಷ್ಟು ಹೊರಳುತ್ತದೆ, ಹೊರಗಿನದು ಎಷ್ಟು ಹೊರಳುತ್ತದೆ ಎಂದು ನೋಡಿದರೆ ನೂಕು ಎಷ್ಟು ದಾಟಿತು ಎಂದು ತಿಳಿಯುತ್ತದೆ.

ಇನ್ನು ಅರ್ಥ್ ವೈರಿನ ವಿಷಯ. ನಾನೂ ಸಾಬರೂ ಒಟ್ಟಿಗೆ ಕಂಡ ಒಂದು ಸಾವು ಇತ್ತು. ಹತ್ತಿಯಿಂದ ಬೀಜ ಬಿಡಿಸುವ ಒಂದು ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಸುಣ್ಣ ಬಳಿಯಲು ಅಡ್ಡ ಬಂತೆಂದು ಯಾರೋ ಯಂತ್ರದ ಅರ್ಥ್ ವೈರು ಬಿಚ್ಚಿ ಬದಿಗಿಟ್ಟಿದ್ದರು. ಸುಣ್ಣ ಒಣಗಿದ ಮೇಲೆ ತಿರುಗಿ ಹಾಕಲಿಲ್ಲ. ಹತ್ತಿ ತುಂಬುವವನೊಬ್ಬ ಬೆವರಿದ ಕೈಯನ್ನು ಯಂತ್ರದ ಮೈಮೇಲೆ ಇಟ್ಟ. ಅವನನ್ನು ಬಿಡಿಸಲು ಹೋದ ಸಾಬರನ್ನು ಕರೆಂಟು ಆಚೆ ಗೋಡೆಗೆ ಎಸೆಯಿತು. ಅಂದಿನಿಂದ ಸಾಬರು ಯಾವ ಯಂತ್ರ ಕೂರಿಸಿದರೂ ಮೊದಲು ನೆಲ ಅಗೆದು, ಇದ್ದಿಲು ಉಪ್ಪು ತುಂಬಿ, ಲೋಹದ ತಗಡು ಹೂತು, ಯಂತ್ರದ ಮೈಯಿಂದ ಅಲ್ಲಿಗೆ ದಪ್ಪ ತಾಮ್ರದ ತಂತಿ ಎಳೆಯುವರು. ಆಮೇಲೆ ದಿನಾ ಬೆಳಿಗ್ಗೆ ಆ ಗುಂಡಿಗೆ ಒಂದು ಕೊಡ ನೀರು ಸುರಿದು, ಹೊರಗೈಯಿಂದ ಯಂತ್ರದ ಮೈ ಮುಟ್ಟಿ ನೋಡಿ, ನಂತರವೇ ಬೇರೆಯವರನ್ನು ಹತ್ತಿರ ಬಿಡುವರು. ನಮ್ಮದು ಎರೆ ನೆಲ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಬಿರಿದ ನೆಲ ಕರೆಂಟನ್ನು ಇಳಿಸಿಕೊಳ್ಳುವುದಿಲ್ಲ, ಅದಕ್ಕೇ ನೀರು.

ಮೇಷ್ಟ್ರ ಶೆಡ್ಡಿನಲ್ಲೂ ಹಾಗೇ ಮಾಡಿದರು. ತಳದ ತಟ್ಟೆ, ಸ್ಟ್ಯಾಂಡು, ಎಲ್ಲಕ್ಕೂ ಅರ್ಥ್.

ಯಂತ್ರ ಹೊತ್ತಿತು, ತಿರುಗಲಿಲ್ಲ. ನೇರಳೆ ಬೆಳಕು ಚೆಂದವಾಗಿ ನಿಲ್ಲುತ್ತಿತ್ತು, ಅಭ್ರಕದ ಎಲೆಗಳು ಸತ್ತ ಚಿಟ್ಟೆಯ ಹಾಗೆ ತೂಗುತ್ತಿದ್ದವು. ಬೆಳಿಗ್ಗೆಯಂತೂ ಏನೇನೂ ಇಲ್ಲ. ಸಂಜೆಯ ಕಡೆಗೆ ಒಳಗಿನ ಎಲೆ ಒಂದಿಷ್ಟು ಹೊರಳಿದಂತೆ ಕಾಣುವುದು, ಮರುಬೆಳಿಗ್ಗೆ ಮತ್ತೆ ಸೊನ್ನೆ. ಮೇಷ್ಟ್ರು ಪಂಪು ಬಿಚ್ಚಿದರು, ರಬ್ಬರ್ ಬದಲಿಸಿದರು. ಬೆಳಗಿನ ಪಾಳಿಯಲ್ಲಿ ಗಿರಣಿಗಳೆಲ್ಲ ಎಳೆಯುವುದರಿಂದ ವೋಲ್ಟು ಬೀಳುತ್ತದೆಂದು ನಾನು ವಾದ ಮಾಡಿದೆ. ಮೀಟರು ನೋಡಿದರೆ ಬಿದ್ದಿರಲಿಲ್ಲ.

ಅಷ್ಟರಲ್ಲಿ ಬೊಂಬಾಯಿ ಕಡೆಯ ಸಂಶೋಧನಾ ಸಂಸ್ಥೆಯಿಂದ ಪರೀಕ್ಷಕರು ಬರುತ್ತಾರೆ ಎಂಬ ಸುದ್ದಿ ಬಂತು. ಪಂಪು, ಕರೆಂಟನ್ನು ಒಂದೇ ದಿಕ್ಕಿಗೆ ಹರಿಸುವ ರೆಕ್ಟಿಫೈಯರು ಎರಡೂ ಅವರು ಎರವಲು ಕೊಟ್ಟಂಥವು. ಅವರ ಕಣ್ಣೆದುರು ಅನಿಲ ತಿರುಗಿದರೆ ಮೇಷ್ಟ್ರ ಕೆಲಸ ಮುಂದುವರಿಯುತ್ತದೆ. ಇಲ್ಲದಿದ್ದರೆ ಸಾಮಾನು ಪೆಟ್ಟಿಗೆ ಸೇರಿ ಬೇರೆ ಊರಿಗೆ ಹೋಗುತ್ತದೆ, ಮೇಷ್ಟ್ರು ಕರಿಹಲಗೆಯ ಮುಂದೆ ಸೀಮೆಸುಣ್ಣ ಹಿಡಿದು ನಿವೃತ್ತಿ ಕಾಯಬೇಕು. ಅವರು ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಆದರೆ ಊಟದ ಡಬ್ಬಿ ಹಾಗೇ ವಾಪಸು ಹೋಗುವುದನ್ನು ನಾನು ನೋಡುತ್ತಿದ್ದೆ.

ಪರೀಕ್ಷಕರು ಬರುವ ಹಿಂದಿನ ದಿನಕ್ಕೂ ಹಿಂದಿನ ದಿನ, ಸಂಜೆ ಹೊತ್ತು. ಯಂತ್ರ ಉರಿಯುತ್ತಿತ್ತು. ಒಳಗಿನ ಎಲೆ ಅಂದು ಎಂದಿಗಿಂತ ಚೆನ್ನಾಗಿ ಹೊರಳಿ ನಿಂತಿತ್ತು, ಹೊರಗಿನದೂ ಅಲ್ಲಾಡುತ್ತಿತ್ತು. ಮೇಷ್ಟ್ರು ಮುಚ್ಚಳದ ಮೇಲೆ ಬಗ್ಗಿ ಉಸಿರು ಬಿಗಿಹಿಡಿದಿದ್ದರು. ಸಾಬರು ಗುಂಡಿ ನೋಡಲು ಹೊರಗೆ ಹೋದವರು, ನೆಲ ಒಣಗಿ ಬಿರುಕು ಬಿಟ್ಟಿದ್ದನ್ನು ಕಂಡು, ಬೈದುಕೊಂಡು ಒಂದು ಕೊಡ ನೀರು ಸುರಿದರು. ಕಿಟಕಿಯಿಂದ ನನಗೆ ಕಾಣುತ್ತಿತ್ತು.

"ಹೋಯ್ತು," ಎಂದರು ಮೇಷ್ಟ್ರು.

ಎಲೆ ಮೆಲ್ಲಗೆ ತನ್ನ ಹಳೆಯ ಜಾಗಕ್ಕೆ ಬಂದು ತೂಗಿತು.

ಮೇಷ್ಟ್ರು ತಲೆ ಎತ್ತಿದರು, ಕಿಟಕಿಯ ಆಚೆ ಖಾಲಿ ಕೊಡ ಹಿಡಿದು ನಿಂತ ಸಾಬರನ್ನು ನೋಡಿದರು, ತಟ್ಟೆಯಿಂದ ಹೊರಟ ತಂತಿಯನ್ನು ನೋಡಿದರು. ಆಮೇಲೆ ಸ್ವಿಚ್ಚು ತೆಗೆದು ಸ್ಟೂಲಿನ ಮೇಲೆ ಕೂತುಬಿಟ್ಟರು. "ಛೆ, ನನಗಿದು ಮೊದಲೇ ಹೊಳೀಬೇಕಿತ್ತು," ಎಂದು ಹೇಳುತ್ತಾ ಹೋದರು. ಕರೆಂಟು ಕಡ್ಡಿಯಿಂದ ಬಳೆಗೆ ಅಡ್ಡಲಾಗಿ ಹೋಗಬೇಕು. ಅಯಸ್ಕಾಂತದ ಗೆರೆಗಳನ್ನು ಅಡ್ಡ ದಾಟುವಾಗಲೇ ಅನಿಲಕ್ಕೆ ನೂಕು ಸಿಗುವುದು. ಗೆರೆಗಳು ನಿಂತಿರುವುದು ಮೇಲಿನಿಂದ ಕೆಳಕ್ಕೆ. ಗೆರೆಯ ಜೊತೆಯಲ್ಲೇ ಇಳಿಯುವುದು ಕರೆಂಟಿಗೆ ಬಹಳ ಸಲೀಸು. ಕೆಳಗೆ ನೆಲಕ್ಕೆ ಕಟ್ಟಿದ ಲೋಹದ ತಟ್ಟೆ ಸಿಕ್ಕಿದ ಮೇಲೆ ಅದು ಅಡ್ಡ ದಾಟುವ ಕಷ್ಟ ಯಾಕೆ ಪಡುತ್ತದೆ? ನೆಟ್ಟಗೆ ಇಳಿದು ಭೂಮಿ ಸೇರುತ್ತದೆ. ನಮ್ಮ ಅರ್ಥ್ ಎಷ್ಟು ಚೆನ್ನಾಗಿದ್ದರೆ ಸುಳಿ ಅಷ್ಟು ಬೇಗ ಸಾಯುತ್ತದೆ. ಬೆಳಿಗ್ಗೆ ಗುಂಡಿಗೆ ನೀರು ಬಿದ್ದೊಡನೆ ಸೊನ್ನೆ, ಸಂಜೆ ನೆಲ ಒಣಗಿದಾಗ ಒಂದಿಷ್ಟು ಹೊರಳಿಕೆ, ಅದರ ಗುಟ್ಟು ಇದೇ.

ಮರುದಿನ ಬೆಳಿಗ್ಗೆ ಮೇಷ್ಟ್ರು ಸಾಬರನ್ನು ಕೇಳಿದರು. ಕೇಳುವಾಗ ದನಿ ತಗ್ಗಿಸಿಯೇ ಕೇಳಿದರು. "ನಾಳೆ ಒಂದು ಗಂಟೆ ಮಾತ್ರ ಸಾಬ್ರೇ. ಆ ತಂತಿ ಬಿಚ್ಚೋಣ. ಅವರು ನೋಡಿಕೊಂಡು ಹೋದ ತಕ್ಷಣ ಮತ್ತೆ ಹಾಕೋಣ. ಸ್ಟ್ಯಾಂಡ್ ಹತ್ತಿರ ಯಾರೂ ಬರದ ಹಾಗೆ ನಾನೇ ನಿಂತಿರ್ತೀನಿ."

"ಆಗಲ್ರಿ."

"ಹತ್ತು ವರ್ಷದಿಂದ ತಲೆಯಲ್ಲಿ ಹೊತ್ತ ಕೆಲಸ ಇದು."

"ನನಗೂ ಗೊತ್ತೈತ್ರಿ ಮೇಷ್ಟ್ರೆ. ಆದ್ರ ತಂತಿ ಬಿಚ್ಚಿದ್ರ ಆ ತಟ್ಟಿ, ಆ ಸ್ಟ್ಯಾಂಡು ಎಲ್ಲ ಜೀವ ತಗಳ್ಳಾಕ ಕುಂತಿರ್ತಾವ. ಮುಟ್ಟಬ್ಯಾಡ ಅಂದ್ರ ಮುಟ್ಟದೇ ಇರೋ ಮನುಷ್ಯನ್ನ ನಾನು ನೋಡೇ ಇಲ್ಲ."

"ಇದು ನನ್ನ ಪ್ರಯೋಗಶಾಲೆ. ನಾನೇ ಬಿಚ್ಚಬಹುದು."

ಸಾಬರು ಎದ್ದರು. ಹೋಗಿ ಸ್ಟ್ಯಾಂಡಿನ ಪಕ್ಕ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಅಂಗೈಯನ್ನು ತಟ್ಟೆಯ ಅಂಚಿಗೆ ಒತ್ತಿ ಇಟ್ಟರು.

"ಬಿಚ್ರಿ. ಬಿಚ್ಚಿ ಸ್ವಿಚ್ಚು ಹಾಕ್ರಿ. ನಾನು ಇಲ್ಲೇ ಕುಂತಿರ್ತೀನಿ. ಇವತ್ತೂ, ನಾಳೆ ಆ ಬೊಂಬಾಯಿ ಸಾಹೇಬ್ರು ಬಂದಾಗ್ಲೂ."

ಮೇಷ್ಟ್ರ ಕೈಯಲ್ಲಿ ತಂತಿಯ ನಟ್ಟು ಬಿಚ್ಚುವ ಸ್ಪ್ಯಾನರ್ ಇತ್ತು. ಅವರ ಮುಖ ನೋಡಿದೆ. ಸಜ್ಜನರು ರೊಚ್ಚಿಗೆದ್ದರೆ ಎಲ್ಲಿ ನಿಲ್ಲಬೇಕೆಂದು ಅವರಿಗೆ ತಿಳಿಯುವುದಿಲ್ಲ, ರೂಢಿ ಇರುವುದಿಲ್ಲ. ಸರಿಯಾಗಿ ಆ ಹೊತ್ತಿಗೆ ಬಾಗಿಲಲ್ಲಿ ಗಿರಣಿಯ ಆಳು ಬಂದು ನಿಂತ. ಎರಡು ದೊಡ್ಡ ಮೋಟರು ಸುಟ್ಟು ಒಂದು ಖಾತೆಯ ಯಂತ್ರಗಳೆಲ್ಲ ನಿಂತಿವೆ, ಸಾಬರನ್ನು ಕರೆದುಕೊಂಡು ಈಗಲೇ ಬರಬೇಕು, ಇಲ್ಲದಿದ್ದರೆ ಬೇರೆ ಅಂಗಡಿಗೆ ಕಳಿಸುತ್ತೇವೆ, ಇನ್ನು ಮುಂದೆಯೂ ಅಲ್ಲಿಗೇ ಕಳಿಸುತ್ತೇವೆ ಎಂದು ಮಿಲ್ ಇಂಜಿನಿಯರರ ಅಪ್ಪಣೆ. ಅವರು ಒಮ್ಮೆ ಆಡಿದ ಮಾತು ಹಿಂದೆ ತೆಗೆದುಕೊಳ್ಳುವವರಲ್ಲ. ಅವರ ಕೈಕೆಳಗೇ ನಾನು ಎಣ್ಣೆ ಬಿಟ್ಟು ಬೆಳೆದದ್ದು.

ಸಾಬರು ಕೈ ತೆಗೆಯುವ ಲಕ್ಷಣ ಇರಲಿಲ್ಲ. ಮೇಷ್ಟ್ರು ಸ್ಪ್ಯಾನರ್ ಕೆಳಗಿಡುವ ಲಕ್ಷಣವೂ ಇರಲಿಲ್ಲ.

"ಬೇರೆ ಅಂಗಡಿಗೆ ಕಳಸ್ರಿ ಅಂತ ಹೇಳಪ್ಪ," ಎಂದೆ ಆಳಿಗೆ. ಅವನು ಎರಡು ಸಲ ಹೇಳಿಸಿಕೊಂಡು ಹೋದ.

ಆಮೇಲೆ ನಾನು ನನಗೆ ಗೊತ್ತಿದ್ದ ಒಂದೇ ವಿದ್ಯೆ ಮಾಡಿದೆ, ವ್ಯಾಪಾರ. ಪೇಟೆಯಲ್ಲಿ ಇಬ್ಬರು ಒಂದೇ ಮಾಲಿಗೆ ಹಟ ಹಿಡಿದಾಗ ಮಾಲಿನ ಮಾತು ಬಿಟ್ಟು, ಅದನ್ನು ತೆಗೆದುಕೊಂಡು ಹೋಗಿ ಏನು ಮಾಡುತ್ತೀರಿ ಎಂದು ಒಬ್ಬೊಬ್ಬರನ್ನೇ ಕೇಳಬೇಕು. ಎಷ್ಟೋ ಸಲ ಒಬ್ಬನಿಗೆ ಕಾಳು ಬೇಕಾಗಿರುತ್ತದೆ, ಇನ್ನೊಬ್ಬನಿಗೆ ಚೀಲ.

"ಮೇಷ್ಟ್ರೆ, ಆ ತಂತಿ ಹೋಗಿ ನಿಮಗೇನಾಗಬೇಕು?"

"ಕರೆಂಟು ತಟ್ಟೆಗೆ ಇಳೀಬಾರದು."

"ತಟ್ಟೆಯ ಯಾವ ಮೈಗೆ? ಒಳಗಿಂದಕ್ಕೋ, ಹೊರಗಿಂದಕ್ಕೋ?"

"ಒಳಗಿಂದಕ್ಕೆ. ಅನಿಲ ಮುಟ್ಟೋ ಮೈಗೆ."

"ಸಾಬ್ರೆ, ನಿಮಗೆ ಯಾವ ಮೈ ಬೇಕು?"

ಸಾಬರು ನನ್ನನ್ನು ಹುಚ್ಚನನ್ನು ನೋಡುವ ಹಾಗೆ ನೋಡಿದರು. "ಮನುಷ್ಯಾರು ಮುಟ್ಟೋದು ಹೊರಗಿನ ಮೈನೇ ಅಲ್ಲೇನು ಕೊಟ್ರಪ್ಪಣ್ಣ?"

ಮೇಷ್ಟ್ರು ಸ್ಪ್ಯಾನರ್ ಕೆಳಗಿಟ್ಟರು. "ಒಳಗಡೆ ಹೊದಿಕೆ," ಎಂದರು. "ತಟ್ಟೆಗೆ ಒಳಗಡೆಯಿಂದ ಕರೆಂಟು ಹಿಡಿಯದ ಒಂದು ಹೊದಿಕೆ ಹಾಕಿದರೆ ಅರ್ಥ್ ಇದ್ದರೂ ನನಗೆ ತೊಂದರೆ ಇಲ್ಲ. ಗಾಜು? ಕಡ್ಡಿ ತೂರೋದಕ್ಕೆ ಅದರಲ್ಲಿ ತೂತು ಕೊರೆಯಬೇಕು, ನಾಳೆಗೆ ಆಗೋದಿಲ್ಲ. ರಬ್ಬರ್ ಕರಗುತ್ತೆ. ಬೇಕಲೈಟ್ ಹೊಗೆ ಬಿಡುತ್ತೆ."

"ಅಭ್ರಕ," ಎಂದರು ಸಾಬರು. ತಟ್ಟೆಯ ಮೇಲಿನ ಕೈ ಇನ್ನೂ ತೆಗೆದಿರಲಿಲ್ಲ. "ಆದ್ರ ನಮ್ಮಂಗಡ್ಯಾಗ ಇರೋದು ಅರಗು ಹಚ್ಚಿ ಅಂಟಿಸಿದ್ದು. ಕಾದ್ರ ಅದೂ ಹೊಗಿ ಬಿಡ್ತೈತಿ. ಅಂಟಿಸದೇ ಇರೋದು, ದೊಡ್ಡ ಹಾಳಿ ಬೇಕು."

ಅಂಥ ಹಾಳೆ ಇದ್ದದ್ದು ನನಗೆ ಗೊತ್ತಿದ್ದ ಮಟ್ಟಿಗೆ ಒಂದೇ ಕಡೆ. ಹಾಲಮ್ಮ ಕುಲುಮೆಯ ಇಣುಕುವ ಕಿಂಡಿಗೆ ಹಾಕಲೆಂದು ಯಾವುದೋ ಹರಾಜಿನಲ್ಲಿ ಒಂದು ಕಟ್ಟು ಅಭ್ರಕ ಹಿಡಿದಿದ್ದಳು. ಹರಿಹರದ ಬಸ್ಸು ಹಿಡಿದೆ. ಹೋಗುವ ಮೊದಲು ಸ್ಪ್ಯಾನರನ್ನು ನನ್ನ ಜೇಬಿನಲ್ಲೇ ಹಾಕಿಕೊಂಡೆ.

ಹಾಲಮ್ಮ ನಾನು ಬಾಯಿ ತೆರೆಯುವ ಮೊದಲೇ, "ಬರ್ರಿ ಕೊಟ್ರಪ್ಪಾರು, ದಾರಿ ತಪ್ಪಿ ಬಂದ್ರೇನು?" ಎಂದಳು. ಅವಳ ಒಂದು ಲೇತಿನ ಮೋಟರು ಬಹಳ ದಿನದಿಂದ ನಮ್ಮ ಅಂಗಡಿಯ ಮೂಲೆಯಲ್ಲಿ ಬಿದ್ದಿತ್ತು.

ಅಭ್ರಕ ಬೇಕು ಎಂದೆ. ಎಷ್ಟು ಕೊಡಲಿ ಎಂದೂ ಕೇಳಿದೆ.

"ರೊಕ್ಕ ಬ್ಯಾಡ. ನನ್ನ ಮೋಟರ್ ಬೇಕು."

"ಮುಂದಿನ ವಾರ ಕೊಡ್ತೀವವ್ವ."

"ಹಂಗಾರ ಅಭ್ರಕಾನೂ ಮುಂದಿನ ವಾರ ಒಯ್ರಿ."

"ನಾಳೆ ಒಬ್ಬ ಮೇಷ್ಟ್ರ ಮಾನ ಹೋಗೋ ಹೊತ್ತೈತೆ ಹಾಲಮ್ಮ."

"ಇಲ್ಲಿ ಎರಡು ತಿಂಗ್ಳಿಂದ ನನ್ನ ಮಾನ ಹೋಗಾಕತ್ತೈತಿ. ಗಿರಾಕಿಗೆ ದಿನಾ ಒಂದು ಸುಳ್ಳು ಹೇಳಾಕತ್ತೀನಿ. ನಿಮ್ಮ ಮೇಷ್ಟ್ರಿಗಿಂತ ನಂದೇನು ಕಡಿಮಿ?"

ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ಪರೀಕ್ಷಕರು ಹೋದ ಮರುದಿನ ಸಾಬರು ಬೇರೆ ಯಾವ ಮೋಟರನ್ನೂ ಮುಟ್ಟದೆ ಅವಳದನ್ನೇ ಕೈಗೆತ್ತಿಕೊಳ್ಳುತ್ತಾರೆ, ಅಲ್ಲಿಯವರೆಗೆ ನಮ್ಮ ಅಂಗಡಿಯ ಒಳ್ಳೆಯ ಮೋಟರೊಂದನ್ನು ಸಂಜೆಯ ಲಾರಿಗೇ ಹಾಕಿ ಕಳಿಸುತ್ತೇನೆ ಎಂದು ಒಪ್ಪಿದೆ. ಅವಳು ಕಟ್ಟು ತೆಗೆದು, ಹಾಳೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು, ಬಿರುಕು ಇಲ್ಲದವನ್ನು ತಾನೇ ಆರಿಸಿ ಕೊಟ್ಟಳು. "ಈ ಯಂತ್ರ ಏನು ಮಾಡ್ತೈತ್ರಿ?" ಎಂದು ಆಗ ಕೇಳಿದಳು. ಗಾಳಿಗೆ ಬೆಂಕಿ ಹಚ್ಚಿ ತಿರುಗಿಸುತ್ತದೆ ಎಂದೆ. "ಅದಕ್ಕ ನನ್ನ ಮೋಟರ್ ನಿಂತಿತ್ತೇನು," ಎಂದಳು.

ಸಂಜೆ ಸಾಬರು ಹಾಳೆಗಳನ್ನು ಕತ್ತರಿಸಿ, ಮುತ್ತುಗದ ಊಟದ ಎಲೆ ಹಚ್ಚುವ ಹಾಗೆ ಒಂದರ ಅಂಚಿನ ಮೇಲೆ ಇನ್ನೊಂದು ಬರುವಂತೆ ತಟ್ಟೆಯ ತುಂಬ ಹಾಸಿದರು. ಅಂಟು ಇಲ್ಲ, ದಾರ ಇಲ್ಲ. ಕಡ್ಡಿಯ ಬುಡದ ಪಿಂಗಾಣಿ ಬಿಲ್ಲೆ ಮತ್ತು ಅಂಚಿನ ಮೇಲೆ ಕೂರುವ ಗಾಜಿನ ಕೊಳವೆಯ ಭಾರವೇ ಹಿಡಿದುಕೊಳ್ಳಬೇಕು. ಮೇಷ್ಟ್ರು ಪಕ್ಕದಲ್ಲಿ ಮೊಣಕಾಲೂರಿ ಕೂತು ಹಾಳೆ ಎತ್ತಿ ಎತ್ತಿ ಕೊಡುತ್ತಿದ್ದರು. ಪಂಪು ಹಾಕಿದೆವು. ಪದರಗಳ ನಡುವೆ ಸಿಕ್ಕ ಗಾಳಿ ಬಹಳ ಸಾವಕಾಶವಾಗಿ ಹೊರಬರುತ್ತಿತ್ತು. ಬೆಳಗಿನವರೆಗೆ ಪಂಪು ನಡೆಯಬೇಕು ಎಂದರು ಮೇಷ್ಟ್ರು. ಪರೀಕ್ಷಕರು ಬರುವ ಮೊದಲು ಒಂದು ಸಲವೂ ಹೊತ್ತಿಸಿ ನೋಡಲು ಅವಕಾಶ ಸಿಗಲಿಲ್ಲ.

ಬೆಳಿಗ್ಗೆ ಮೂವರು ಬಂದರು. ಹಿರಿಯವರು ಬಿಳಿ ಕೂದಲಿನವರು, ಮೆತ್ತಗಿನ ಮಾತು. ಅವರು ಬರುವ ಮುಂಚೆಯೇ ಸಾಬರು ಗುಂಡಿಗೆ ಕೊಡ ಸುರಿದು ಬಂದಿದ್ದರು. ಮೇಷ್ಟ್ರು ಅದನ್ನು ನೋಡಿಯೇ ಪಂಪಿನ ಕಡೆ ತಿರುಗಿದರು.

ಸ್ವಿಚ್ಚು ಹಾಕಿದರು. ಕೊಳವೆಯಲ್ಲಿ ನೇರಳೆ ಬೆಳಕು ಮೂಡಿತು. ತಳದಿಂದ ಚಿಟಿಕೆ ಹೊಡೆದ ಹಾಗೆ ಒಂದು ಶಬ್ದ ಬಂತು; ಅಭ್ರಕ ಕಾದು ಮೇಲೇಳುತ್ತಿದೆ ಎಂದುಕೊಂಡೆ. ಮೇಷ್ಟ್ರು ಸುರುಳಿಗೆ ಕರೆಂಟು ಏರಿಸಿದರು. ಎಲೆಗಳು ಹಾಗೇ ತೂಗುತ್ತಿದ್ದವು. ಇನ್ನೂ ಏರಿಸಿದರು. ಹಿರಿಯವರು ಕೈಗಡಿಯಾರ ನೋಡಿಕೊಂಡರು.

ಆಗ ಒಳಗಿನ ಎಲೆ ಹೊರಳಿತು. ಸಂಜೆಗಳಲ್ಲಿ ನಾವು ಕಂಡಿದ್ದ ಅನುಮಾನದ ಹೊರಳಿಕೆಯಲ್ಲ, ಯಾರೋ ಭುಜ ಹಿಡಿದು ತಿರುಗಿಸಿದ ಹಾಗೆ. ಹೊರಗಿನ ಎಲೆ ಇನ್ನೂ ಸುಮ್ಮನಿತ್ತು. ಸ್ವಲ್ಪ ತಡೆದು ಅದೂ ನಡುಗಿತು, ನಿಧಾನವಾಗಿ ಅದೇ ದಿಕ್ಕಿಗೆ ಹೊರಳಿ, ಒಳಗಿನದಕ್ಕಿಂತ ಕಡಿಮೆ ಹೊರಳಿ ನಿಂತಿತು. ನಡುವಿನ ನೂಕು ಅಂಚು ಮುಟ್ಟಿತ್ತು. ಮೇಷ್ಟ್ರು ಎಲೆಗಳನ್ನೇ ನೋಡುತ್ತಾ ನಿಂತರು.

ಹಿರಿಯವರು ಇನ್ನೂ ಹತ್ತಿರದಿಂದ ನೋಡಬೇಕೆಂದು ಮುಂದೆ ಬಂದು, ಮುಚ್ಚಳದ ಮೇಲೆ ಬಗ್ಗಿದರು. ಬಗ್ಗುವಾಗ ಆಧಾರಕ್ಕೆ ಬಲಗೈಯನ್ನು ಕಬ್ಬಿಣದ ಸ್ಟ್ಯಾಂಡಿನ ಮೇಲೆ ಊರಿದರು. ಊರಿದವರು ಹಾಗೇ ನಿಂತು, ಎಲೆಗಳನ್ನು ನೋಡುತ್ತಾ, ಪ್ರಶ್ನೆ ಕೇಳತೊಡಗಿದರು.

ಯಾರೂ ಹತ್ತಿರ ಬರದ ಹಾಗೆ ನೋಡಿಕೊಳ್ಳುತ್ತೇನೆ ಎಂದಿದ್ದ ಮೇಷ್ಟ್ರು ಅವರಿಂದ ಒಂದೇ ಹೆಜ್ಜೆ ದೂರದಲ್ಲಿದ್ದರು. 'ಅಯ್ಯೋ' ಎನ್ನಲೂ ಹೊತ್ತು ಸಿಗದೆ ಅವರು ಆ ಕೈಯನ್ನು ನೋಡಿದ್ದನ್ನು ನಾನು ಕಂಡೆ. ಕೇಳಿದ ಪ್ರಶ್ನೆ ಕಿವಿಗೆ ಬೀಳದೆ ಆ ಕೈಯನ್ನೇ ನೋಡುತ್ತಿದ್ದರು. ಹಿರಿಯವರು ಅದನ್ನು ಸಂಕೋಚ ಎಂದುಕೊಂಡು ಮತ್ತೊಮ್ಮೆ ಕೇಳಿದರು. ಸಾಬರು ಬಾಗಿಲ ಬಳಿ ಗೋಡೆಗೆ ಒರಗಿ ನಿಂತಿದ್ದವರು ಮೇಷ್ಟ್ರ ಕಡೆ ನೋಡಲೇ ಇಲ್ಲ, ಹೊರಗೆ ಹೋದರು.

ಸಾಮಾನು ದಾವಣಗೆರೆಯಲ್ಲೇ ಉಳಿಯಿತು. ಎಲ್ಲರೂ ಹೋದ ಮೇಲೆ ಮೇಷ್ಟ್ರು ಸಾಬರ ಹತ್ತಿರ ಬಂದು, "ಸಾಬ್ರೇ, ನಾನು ಬಿಚ್ಚಿಬಿಡ್ತಿದ್ದೆ," ಎಂದರು.

"ಗೊತ್ತೈತ್ರಿ. ಅದಕ್ಕ ಕೈ ಇಟ್ಟಿದ್ದೆ," ಎಂದರು ಸಾಬರು. "ನಡೀರಿ, ಹಾಲಮ್ಮನ ಮೋಟರ್ ಐತೆ."

ಗಿರಣಿಯ ಕೆಲಸ ಮಾತ್ರ ಹೋದದ್ದು ಹೋಯಿತು. ಮಿಲ್ ಇಂಜಿನಿಯರರ ಮನೆಗೆ ನಾನೇ ಹೋಗಿ ನಿಂತೆ. ಕೂಡಿಸಿ ಕಾಫಿ ಕೊಟ್ಟರು, ಕೆಲಸ ಕೊಡಲಿಲ್ಲ. ಕಾಲೇಜಿನ ಫ್ಯಾನುಗಳು ಆ ನಷ್ಟವನ್ನು ತುಂಬುವಂಥವಲ್ಲ.

ಈಗ ಈ ಕಸುಬಿಗೆ ಬರುವವರಿಗೆ ನಾನು ಹೇಳುವುದು ಇಷ್ಟು. ನಿಮ್ಮ ಕಾಲಕ್ಕೆ ಕರೆಂಟು ಸೋರಿದರೆ ತಾನಾಗಿಯೇ ಬೀಳುವ ಸ್ವಿಚ್ಚುಗಳು ಬಂದಿವೆ, ಒಳ್ಳೆಯದೇ. ಆದರೂ ಯಂತ್ರದ ಮೈ ಮುಟ್ಟುವಾಗ ಹೊರಗೈಯಿಂದ ಮುಟ್ಟಿ, ಅಂಗೈಯನ್ನು ಕರೆಂಟು ಹಿಡಿದುಕೊಂಡರೆ ಬಿಡುವುದಿಲ್ಲ. ಗೊತ್ತಿಲ್ಲದ ಕೆಲಸ ಹಿಡಿದಾಗ ನಿಮ್ಮ ಕೈಯ ಅಭ್ಯಾಸವನ್ನು ಮೊದಲು ಬಾಯಿಬಿಟ್ಟು ಹೇಳಿ, ಇದು ಇಲ್ಲಿ ಬೇಕೋ ಬೇಡವೋ ಎಂದು ಕೇಳಿ. ಸುರುಳಿ ಸುತ್ತಿದ ಮೇಲೆ ಕೇಳಬೇಡಿ. ಇಬ್ಬರು ಜಾಣರು ಜಗಳವಾಡುತ್ತಿದ್ದರೆ ಯಾರು ಸರಿ ಎಂದು ತೀರ್ಪು ಕೊಡಲು ಹೋಗಬೇಡಿ, ಇಬ್ಬರೂ ಸರಿ ಇರಬಹುದು. ಒಬ್ಬೊಬ್ಬರಿಗೂ ನಿಜವಾಗಿ ಏನು ಬೇಕು ಎಂದು ಕೇಳಿ, ಎರಡಕ್ಕೂ ಜಾಗ ಇದೆಯೇ ನೋಡಿ. ಸಣ್ಣ ಗಿರಾಕಿಯ ಮೋಟರನ್ನು ಮೂಲೆಗೆ ತಳ್ಳಬೇಡಿ, ನಿಮಗೆ ಬೇಕಾದ ಅಭ್ರಕ ಅವರ ಮನೆಯಲ್ಲೇ ಇರುತ್ತದೆ. ಮತ್ತೆ, ಯಾರಾದರೂ ಎಷ್ಟೇ ದೊಡ್ಡವರು, ಎಷ್ಟೇ ಒಳ್ಳೆಯವರು ಬಂದು, ಅರ್ಥ್ ವೈರು ಒಂದೇ ಒಂದು ಗಂಟೆ ಬಿಚ್ಚೋಣ ಎಂದರೆ, ಆ ಒಂದು ಗಂಟೆಯಲ್ಲಿ ಬಾಗಿಲಿನಿಂದ ಒಳಗೆ ಬರುವವರು ಯಾರು, ಅವರು ಕೈ ಎಲ್ಲಿ ಊರುತ್ತಾರೆ ಎಂದು ಕೇಳಿ. ಉತ್ತರ ಗೊತ್ತಿಲ್ಲದಿದ್ದರೆ ಸ್ಪ್ಯಾನರನ್ನು ಜೇಬಿಗೆ ಹಾಕಿಕೊಳ್ಳಿ.